ಸ್ವಸಹಾಯಕ್ಕೂ ಇನ್ನೊಬ್ಬರು ಬೇಕು

(ಪದವಿ ಕಾಲೇಜು ಅಧ್ಯಾಪಕರ ಸಭೆಯೊಂದರಲ್ಲಿ ಆಪ್ತಸಮಾಲೋಚಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ ‘ಒತ್ತಡ ಮತ್ತು ಭಾವನೆಗಳ ನಿರ್ವಹಣೆಗೆ ಆನ್‌ಲೈನ್ ಸ್ವಸಹಾಯ’. ವೇದಿಕೆ ಹತ್ತುವಾಗಲೇ ನಿಮ್ಮಲ್ಲೊಬ್ಬರು ಕಿವಿಯಲ್ಲಿ ಹೇಳಿದರು: ‘ಯಾವ ಆ್ಯಪ್ ಒಳ್ಳೇದು ಅಂತ ಒಂದು ಹೆಸರು ಹೇಳಿ ಮುಗಿಸಿಬಿಡಿ ಮೇಡಂ, ಊಟಕ್ಕೆ ತಡ ಆಗುತ್ತೆ.’

ಹೆಸರು ಹೇಳುವುದು ಎರಡು ನಿಮಿಷದ ಕೆಲಸ. ನೀವು ಅದನ್ನು ಮೊಬೈಲಿಗೆ ಹಾಕಿಕೊಳ್ಳುವುದು ಇನ್ನೆರಡು ನಿಮಿಷ. ಆಮೇಲೆ? ಆ್ಯಂಡ್ರಾಯ್ಡ್ ಫೋನುಗಳಲ್ಲಿರುವ ಮಾನಸಿಕ ಆರೋಗ್ಯದ 93 ಆ್ಯಪ್‌ಗಳನ್ನು ಜನ ನಿಜಕ್ಕೂ ಹೇಗೆ ಬಳಸುತ್ತಾರೆ ಎಂದು ಸಂಶೋಧಕರು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು. ಹಾಕಿಕೊಂಡ ನೂರು ಜನರಲ್ಲಿ ಹದಿನೈದು ದಿನದ ಮೇಲೂ ಅದನ್ನು ತೆರೆಯುತ್ತಿದ್ದವರು ನಾಲ್ಕು ಜನ ಕೂಡ ಇಲ್ಲ. ಶೇ. 3.9. ತಿಂಗಳಿಗೆ ಬಂದರೆ ಶೇ. 3.3. ಇವೇನೂ ಹೆಸರು ಕೇಳದ ಆ್ಯಪ್‌ಗಳಲ್ಲ, ತಲಾ ಹತ್ತು ಸಾವಿರಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆದಂಥವು.

ಹಾಗಾದರೆ ಇವೆಲ್ಲ ಕೆಲಸಕ್ಕೆ ಬಾರದ ವಸ್ತುಗಳೋ? ಅಲ್ಲ. ಅದೇ ಇಲ್ಲಿನ ಸ್ವಾರಸ್ಯ. ಕೆಲಸಕ್ಕೆ ಬರುತ್ತವೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯವರು 2001ರಲ್ಲಿ ‘ಮೂಡ್‌ಜಿಮ್’ ಎಂಬ ಜಾಲತಾಣ ತೆರೆದರು. ಆಗ ನಮ್ಮಲ್ಲಿ ಇಂಟರ್ನೆಟ್ ಅಂದರೆ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂರುವುದು. ಐದು ಪಾಠ, ಕಾರ್ಟೂನ್ ಪಾತ್ರಗಳು. ಏನೇ ಬಂದರೂ ತಲೆ ಕೆಡಿಸಿಕೊಳ್ಳದ ‘ನೊಪ್ರಾಬ್ಲೆಮೊಸ್’ ಅಂತ ಒಬ್ಬ, ಎಲ್ಲದಕ್ಕೂ ಕುಗ್ಗುವ ಇನ್ನೊಬ್ಬರು, ಹೀಗೆ. ಯೋಚನೆಗೂ ಮನಸ್ಸಿನ ಸ್ಥಿತಿಗೂ ಇರುವ ನಂಟನ್ನು ಈ ಪಾತ್ರಗಳ ಮೂಲಕ ತೋರಿಸಿ, ನಿಮ್ಮ ಯೋಚನೆಯನ್ನು ನೀವೇ ಬರೆದು ಪರೀಕ್ಷಿಸಿ ಅನ್ನುವ ಅಭ್ಯಾಸಗಳು. ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಇದರ ಬುನಾದಿ.

ಹೆಲೆನ್ ಕ್ರಿಸ್ಟೆನ್ಸನ್, ಕ್ಯಾಥ್ಲೀನ್ ಗ್ರಿಫಿತ್ಸ್ ಮತ್ತವರ ಸಂಗಡಿಗರು ಇದನ್ನು ಸರಿಯಾಗಿಯೇ ಪರೀಕ್ಷೆಗೆ ಒಡ್ಡಿದರು. 525 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು: ಒಂದಕ್ಕೆ ಮೂಡ್‌ಜಿಮ್, ಒಂದಕ್ಕೆ ಖಿನ್ನತೆಯ ಬಗ್ಗೆ ಮಾಹಿತಿ ಕೊಡುವ ಇನ್ನೊಂದು ತಾಣ, ಮೂರನೆಯದಕ್ಕೆ ಎರಡೂ ಇಲ್ಲ. 2004ರಲ್ಲಿ ಫಲಿತಾಂಶ ಬಂತು. ಎರಡೂ ತಾಣಗಳು ಖಿನ್ನತೆಯ ಲಕ್ಷಣಗಳನ್ನು ತಗ್ಗಿಸಿದ್ದವು. ಪತ್ರಿಕೆಗಳು ಬರೆದವು, ಲೋಕದ ಮೂಲೆಮೂಲೆಯಿಂದ ಜನ ನೋಂದಾಯಿಸಿಕೊಂಡರು.

ಆದರೆ ತಾವಾಗಿಯೇ ತಾಣಕ್ಕೆ ಬಂದವರಲ್ಲಿ ಐದೂ ಪಾಠ ಮುಗಿಸಿದವರು ಬೆರಳೆಣಿಕೆಯಷ್ಟು. ಪಾಠ ಒಂದೇ, ತಾಣ ಒಂದೇ. ಪ್ರಯೋಗದಲ್ಲಿದ್ದವರು ಮುಂದುವರಿದರು, ಇವರು ಮೊದಲ ಪಾಠಕ್ಕೇ ಕೈಬಿಟ್ಟರು. ಯಾಕೆ?

ಪ್ರಯೋಗದ ವಿವರಗಳಲ್ಲಿ ಒಂದು ಸಾಲು ಇದೆ, ಅವಸರದಲ್ಲಿ ಓದಿದರೆ ಕಣ್ಣಿಗೇ ಬೀಳುವುದಿಲ್ಲ. ಪ್ರಯೋಗದಲ್ಲಿದ್ದ ಪ್ರತಿಯೊಬ್ಬರಿಗೂ ವಾರಕ್ಕೊಮ್ಮೆ ಫೋನ್ ಬರುತ್ತಿತ್ತು. ಫೋನ್ ಮಾಡುತ್ತಿದ್ದವರು ವೈದ್ಯರಲ್ಲ, ಮನಃಶಾಸ್ತ್ರಜ್ಞರೂ ಅಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ತಾಣ ಸಿಕ್ಕವರನ್ನು ಕೇಳುತ್ತಿದ್ದದ್ದು: ‘ಈ ವಾರ ಯಾವ ಭಾಗ ನೋಡಿದಿರಿ? ಮುಂದಿನ ವಾರ ಇದನ್ನು ನೋಡಿ.’ ಹತ್ತು ನಿಮಿಷದ ಮಾತು, ಅಷ್ಟೇ.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಆ ಹತ್ತು ನಿಮಿಷದ ಬಗ್ಗೆ.

ಇಂಗ್ಲೆಂಡಿನವರು ಇದೇ ಪ್ರಶ್ನೆಯನ್ನು ಇನ್ನೂ ನಿಷ್ಠುರವಾಗಿ ಕೇಳಿದರು. ಯಾರ್ಕ್ ವಿಶ್ವವಿದ್ಯಾಲಯದ ಸೈಮನ್ ಗಿಲ್‌ಬೊಡಿ ತಂಡ 691 ರೋಗಿಗಳನ್ನು ತೆಗೆದುಕೊಂಡಿತು. ಎಲ್ಲರೂ ಕುಟುಂಬ ವೈದ್ಯರ ಹತ್ತಿರ ಖಿನ್ನತೆ ಅಂತ ಬಂದವರು. ಮಾಮೂಲಿ ಚಿಕಿತ್ಸೆಯ ಜೊತೆಗೆ ಕೆಲವರಿಗೆ ಮೂಡ್‌ಜಿಮ್, ಕೆಲವರಿಗೆ ದುಡ್ಡು ಕೊಟ್ಟು ಕೊಳ್ಳಬೇಕಾದ ‘ಬೀಟಿಂಗ್ ದ ಬ್ಲೂಸ್’ ಎಂಬ ಅಂಥದ್ದೇ ಕಾರ್ಯಕ್ರಮ, ಉಳಿದವರಿಗೆ ವೈದ್ಯರ ಚಿಕಿತ್ಸೆ ಮಾತ್ರ. 2015ರಲ್ಲಿ ಪ್ರಕಟವಾದ ಉತ್ತರ: ಯಾವ ವ್ಯತ್ಯಾಸವೂ ಇಲ್ಲ. ಕಾರಣ ಅದೇ ವರದಿಯಲ್ಲಿದೆ. ಹೆಚ್ಚಿನವರು ಒಂದೋ ಎರಡೋ ಪಾಠಕ್ಕೆ ನಿಲ್ಲಿಸಿದ್ದರು. ಅವರಿಗೂ ಫೋನ್ ಹೋಗುತ್ತಿತ್ತು, ಇಲ್ಲ ಅಂತಲ್ಲ, ಆದರೆ ಅದು ಲಾಗಿನ್ ಆಯಿತೇ, ಪುಟ ತೆರೆಯಿತೇ ಅಂತ ವಿಚಾರಿಸುವ ತಾಂತ್ರಿಕ ಸಹಾಯದ ಕರೆ. ಅದೇ ತಂಡ ಆಮೇಲೆ ಇನ್ನೊಂದು ಪ್ರಯೋಗ ಮಾಡಿತು. ಈ ಸಲ ಮೂಡ್‌ಜಿಮ್ ಎಲ್ಲರಿಗೂ ಕೊಟ್ಟು, ಒಂದು ಗುಂಪಿಗೆ ಪಾಠದ ಬಗ್ಗೆಯೇ ಮಾತಾಡುವ ಫೋನ್ ಬೆಂಬಲ ಸೇರಿಸಿದರು. ನಾಲ್ಕು ತಿಂಗಳ ಹೊತ್ತಿಗೆ ಆ ಗುಂಪಿನವರು ಹೆಚ್ಚು ಚೇತರಿಸಿಕೊಂಡಿದ್ದರು.

ಇಂಥ 39 ಪ್ರಯೋಗಗಳ, ಸುಮಾರು 9,700 ಜನರ ಮಾಹಿತಿಯನ್ನು ಒಂದೇ ಕಡೆ ಕೂಡಿಸಿ ನೋಡಿದ ವಿಶ್ಲೇಷಣೆ 2021ರಲ್ಲಿ ಬಂತು. ಅದು ಒಂದು ಉಪಯೋಗಕ್ಕೆ ಬರುವ ಗೆರೆ ಎಳೆದಿದೆ. ಲಕ್ಷಣಗಳು ತೀರಾ ಸೌಮ್ಯವಾಗಿದ್ದರೆ ಒಬ್ಬರೇ ಕೂತು ಮಾಡಿದರೂ ಸರಿಯೇ, ಹೆಚ್ಚು ವ್ಯತ್ಯಾಸವಿಲ್ಲ. ಅದಕ್ಕಿಂತ ಮೇಲಿದ್ದರೆ ಜೊತೆಗೊಬ್ಬರು ಇರುವುದರಿಂದ ಸ್ಪಷ್ಟ ಲಾಭ. ಅಳೆಯುವುದು ಹೇಗೆ? ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಕಳೆದ ಎರಡು ವಾರದ ನಿದ್ದೆ, ಹಸಿವು, ಆಸಕ್ತಿ, ಸುಸ್ತು ಇವನ್ನೆಲ್ಲ ಕೇಳುತ್ತದೆ. ಒಟ್ಟು 27 ಅಂಕ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ‘ನಾನೇ ನೋಡಿಕೊಳ್ತೀನಿ’ ಅನ್ನುವ ಹಟ ಬಿಡುವುದು ಒಳ್ಳೆಯದು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆ ಬಂದಿತ್ತೇ ಅಂತ. ಅದಕ್ಕೆ ‘ಹೌದು’ ಅನ್ನುವ ಉತ್ತರವಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ಆ್ಯಪ್ ಪಕ್ಕಕ್ಕಿಟ್ಟು ಮನುಷ್ಯರ ಹತ್ತಿರ ಹೋಗಬೇಕು, ಅವತ್ತೇ.

ನಮ್ಮ ಹಳ್ಳಿಗಳಲ್ಲಿ ಬಾವಿಗೆ ಇಳಿದು ಈಜು ಕಲಿತವರು ಇಲ್ಲಿ ಇದ್ದೀರಿ. ಬೆನ್ನಿಗೆ ಬೆಂಡು ಕಟ್ಟುತ್ತಿದ್ದರು. ಮೇಲೆ ತೇಲಿಸುತ್ತಿದ್ದುದು ಬೆಂಡೇ. ಆದರೆ ಮಾವನೋ ಅಣ್ಣನೋ ಮೆಟ್ಟಿಲ ಮೇಲೆ ಕೂತಿಲ್ಲದಿದ್ದರೆ ಎಷ್ಟು ಜನ ಎರಡನೇ ದಿನ ನೀರಿಗಿಳಿಯುತ್ತಿದ್ದಿರಿ? ಅವರೇನೂ ಈಜುಗಾರಿಕೆಯ ಪಂಡಿತರಾಗಿರಲಿಲ್ಲ. ‘ನಿನ್ನೆ ಯಾಕೋ ಬರಲಿಲ್ಲ?’ ಅಂತ ಕೇಳುತ್ತಿದ್ದರು. ಡೇವಿಡ್ ಮೋರ್ ಎಂಬ ಅಮೆರಿಕದ ಸಂಶೋಧಕರು 2011ರಲ್ಲಿ ಇದನ್ನೇ ಸಿದ್ಧಾಂತವಾಗಿ ಬರೆದರು: ನಮ್ಮ ಒಳಿತು ಬಯಸುವ, ನಮಗೆ ಗೌರವವಿರುವ ಒಬ್ಬರು ಕೇಳುತ್ತಾರೆ ಅಂತ ಗೊತ್ತಿದ್ದರೆ ಜನ ಅಭ್ಯಾಸ ಬಿಡುವುದಿಲ್ಲ. ಆ್ಯಪ್ ಕಳಿಸುವ ‘ಇವತ್ತು ನಿಮ್ಮ ಮನಸ್ಸು ಹೇಗಿದೆ?’ ಎಂಬ ನೋಟಿಫಿಕೇಶನ್ನಿಗೆ ಆ ಶಕ್ತಿ ಇಲ್ಲ. ಅದನ್ನು ಹಾಲಿನ ಆ್ಯಪ್, ಬ್ಯಾಂಕ್ ಆ್ಯಪ್‌ಗಳ ಜೊತೆ ಸೇರಿಸಿ ಒರೆಸಿ ಹಾಕುತ್ತೇವೆ.

ಇನ್ನು, ಇವುಗಳ ಒಳಗೆ ಏನಿರುತ್ತದೆ ಅನ್ನುವ ವಿಷಯ. ಬಣ್ಣ, ಚಿತ್ರ ಬೇರೆ ಬೇರೆ. ಒಳಗಿನ ಸರಕು ಹೆಚ್ಚೂಕಡಿಮೆ ಒಂದೇ. ಸ್ಟ್ಯಾನ್‌ಫರ್ಡಿನ ಜೇಮ್ಸ್ ಗ್ರಾಸ್ 1998ರಲ್ಲಿ ಒಂದು ಮಾದರಿ ಮುಂದಿಟ್ಟರು: ಭಾವನೆ ಸಿಡಿಲಿನ ಹಾಗೆ ಒಮ್ಮೆಲೇ ಎರಗುವುದಿಲ್ಲ, ಹಂತಹಂತವಾಗಿ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಐದು ಕಡೆ ಅದಕ್ಕೆ ಕೈ ಹಾಕಬಹುದು. ನಿಮ್ಮ ಬದುಕಿನಿಂದಲೇ ಉದಾಹರಣೆ ಕೊಡುತ್ತೇನೆ. ರಾತ್ರಿ ಹತ್ತು ಗಂಟೆ. ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ಸಂದೇಶ ಬರುತ್ತದೆ: ‘ನಿಮ್ಮ ವಿಭಾಗದ ನ್ಯಾಕ್ ಕಡತ ಇನ್ನೂ ಯಾಕೆ ಬಂದಿಲ್ಲ? ನಾಳೆ ಬೆಳಿಗ್ಗೆ ಉತ್ತರ ಕೊಡಿ.’ ಹೆಸರು ನಿಮ್ಮದೇ. ಎಲ್ಲರೂ ನೋಡಿದ್ದಾರೆ, ನೀಲಿ ಗುರುತು ಬಂದಿದೆ. (ನಗಬೇಡಿ, ಪ್ರಾಂಶುಪಾಲರು ಇಲ್ಲೇ ಇದ್ದಾರೆ.)

ಎಲ್ಲಕ್ಕಿಂತ ಮೊದಲ ಅವಕಾಶ ಸಂದೇಶ ಬರುವುದಕ್ಕೂ ಮುಂಚೆಯೇ ಇತ್ತು. ಒಂಬತ್ತರ ಮೇಲೆ ಆ ಗ್ರೂಪಿನ ಸದ್ದು ಅಡಗಿಸಿಟ್ಟಿದ್ದರೆ ಇದು ಬೆಳಗಿನ ಸಮಸ್ಯೆ ಆಗುತ್ತಿತ್ತು, ರಾತ್ರಿಯದ್ದಲ್ಲ. ಇರಲಿ, ನೋಡಿಬಿಟ್ಟಿರಿ. ಎರಡನೆಯದು ಸನ್ನಿವೇಶವನ್ನೇ ಸ್ವಲ್ಪ ಬದಲಿಸುವುದು: ಗ್ರೂಪಿನಲ್ಲಿ ವಾದಕ್ಕಿಳಿಯದೆ ‘ಸರ್, ಬೆಳಿಗ್ಗೆ ಬಂದು ಕಾಣುತ್ತೇನೆ’ ಅಂತ ಅವರೊಬ್ಬರಿಗೇ ಒಂದು ಸಾಲು. ಮೂರನೆಯದು ಗಮನ. ಹನ್ನೊಂದು ಗಂಟೆಯವರೆಗೆ ಅದನ್ನೇ ಹತ್ತು ಸಲ ತೆರೆದು ಓದುವವರು ನಾವೇ. ಓದಿದಷ್ಟೂ ಉರಿ. ಎದ್ದು ಪಾತ್ರೆ ತೊಳೆಯುವುದೋ, ಮಗುವಿನ ಬ್ಯಾಗ್ ಜೋಡಿಸುವುದೋ ತಪ್ಪಿಸಿಕೊಳ್ಳುವ ಉಪಾಯವಲ್ಲ, ಗಮನವನ್ನು ಬೇಕೆಂದೇ ಬೇರೆ ಕಡೆ ತಿರುಗಿಸುವ ಅಭ್ಯಾಸ.

ನಾಲ್ಕನೆಯದೇ ಸಿಬಿಟಿಯ ಕೆಲಸ ನಡೆಯುವ ಜಾಗ. ಮನಸ್ಸಿನಲ್ಲಿ ಓಡುತ್ತಿರುವ ವಾಕ್ಯ ಏನು? ‘ಎಲ್ಲರೆದುರು ಮಾನ ಹೋಯಿತು’. ಅದನ್ನು ಕಾಗದದ ಮೇಲೆ ಬರೆಯಿರಿ ಅನ್ನುತ್ತದೆ ಕಾರ್ಯಕ್ರಮ. ಪಕ್ಕದಲ್ಲಿ ಅದಕ್ಕೆ ಸಾಕ್ಷಿ ಏನು, ವಿರುದ್ಧ ಸಾಕ್ಷಿ ಏನು? ಹೋದ ವಾರ ಇಂಥದ್ದೇ ಸಂದೇಶ ಇನ್ನಿಬ್ಬರಿಗೆ ಬಂದಿತ್ತು. ಅವರ ಮಾನ ಹೋಯಿತು ಅಂತ ನಿಮಗೆ ಅನಿಸಿತ್ತೇ? ನೆನಪೇ ಇಲ್ಲ ಅಲ್ಲವೇ? ಇದು ‘ಎಲ್ಲ ಒಳ್ಳೆಯದಕ್ಕೇ’ ಅಂತ ಹೇಳಿಕೊಳ್ಳುವ ಹುಸಿ ಸಮಾಧಾನ ಅಲ್ಲ. ಸಿಟ್ಟು ಸಂಪೂರ್ಣ ನ್ಯಾಯವಾದದ್ದು ಅಂತಲೂ ತೀರ್ಮಾನ ಬರಬಹುದು. ಬಂದರೆ ಬರಲಿ.

ಐದನೆಯದು, ಭಾವನೆ ಎದ್ದ ಮೇಲೆ ಮಾಡುವುದು. ಉಸಿರನ್ನು ನಿಧಾನಗೊಳಿಸಿ, ಒಳಗೆ ತೆಗೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದನ್ನು ಉದ್ದ ಮಾಡಿ, ನಿಮಿಷಕ್ಕೆ ಸುಮಾರು ಆರು ಉಸಿರಿಗೆ ಇಳಿಸುವುದು. ಉಸಿರು ಬಿಡುವಾಗ ವೇಗಸ್ ನರ ಹೃದಯದ ಬಡಿತವನ್ನು ತಗ್ಗಿಸುತ್ತದೆ, ಆದ್ದರಿಂದ ಇದರಲ್ಲಿ ನಂಬಿಕೆಯ ಪ್ರಶ್ನೆ ಇಲ್ಲ. ಆದರೆ ಈ ಹಂತದಲ್ಲಿ ನಾವು ಹೆಚ್ಚಾಗಿ ಮಾಡುವುದು ಬೇರೆಯೇ: ನುಂಗಿಕೊಳ್ಳುತ್ತೇವೆ. ಮುಖದ ಮೇಲೆ ಏನೂ ತೋರಿಸಿಕೊಳ್ಳಬಾರದು ಅಂತ ನಮ್ಮ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ, ಚಿಕ್ಕಂದಿನಿಂದ ಕಲಿಸಿರುತ್ತಾರೆ. ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ ತೊಂಬತ್ತರ ದಶಕದಲ್ಲಿ ಪ್ರಯೋಗಾಲಯದಲ್ಲಿ ಕಂಡದ್ದು ಏನೆಂದರೆ, ಮುಖದಲ್ಲಿ ತೋರಿಸದೆ ಅದುಮಿಟ್ಟವರಿಗೆ ಒಳಗಿನ ಸಂಕಟವೇನೂ ಕಡಿಮೆಯಾಗಲಿಲ್ಲ, ಮೇಲಾಗಿ ಅವರ ದೇಹ ಇನ್ನಷ್ಟು ಉದ್ವೇಗಕ್ಕೆ ಹೋಯಿತು. ನುಂಗುವುದು ಸಂಯಮ ಅಂತ ನಾವು ತಿಳಿದಿದ್ದೇವೆ. ದೇಹ ಹಾಗೆ ತಿಳಿದಿಲ್ಲ.

ಇನ್ನೊಂದು ಉಪಾಯ ಚಿಂತೆಗೆ ಹೊತ್ತು ಗೊತ್ತುಮಾಡುವುದು. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಅರ್ಧ ಗಂಟೆ ಚಿಂತಿಸಿ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಚೀಟಿಯಲ್ಲಿ ಬರೆದು ‘ಸಂಜೆ ಆರಕ್ಕೆ’ ಅಂತ ಮುಂದಕ್ಕೆ ಹಾಕಿ. ಥಾಮಸ್ ಬೋರ್ಕೊವೆಕ್ ತಂಡ 1983ರಲ್ಲೇ ಇದನ್ನು ಪ್ರಯೋಗಿಸಿ ನೋಡಿತ್ತು. ಕೇಳಿದವರೆಲ್ಲ ನಗುತ್ತಾರೆ. ಆರು ಗಂಟೆಗೆ ಚೀಟಿ ತೆಗೆದು ನೋಡಿದರೆ ಅರ್ಧಕ್ಕರ್ಧ ಚಿಂತೆಗಳು ಹಳಸಿ ಹೋಗಿರುತ್ತವೆ.

ಇಲ್ಲಿ ಒಂದು ತಕರಾರನ್ನು ನಾನೇ ಎತ್ತುತ್ತೇನೆ, ಯಾಕೆಂದರೆ ಹಿಂದಿನ ಸಾಲಿನಲ್ಲಿ ಅತಿಥಿ ಉಪನ್ಯಾಸಕರು ಕೂತಿದ್ದಾರೆ. ತಿಂಗಳುಗಟ್ಟಲೆ ಗೌರವಧನ ಬಂದಿಲ್ಲ, ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ. ಅಂಥವರಿಗೆ ಉಸಿರಾಟ ಹೇಳಿಕೊಟ್ಟು ಕಳಿಸುವುದು ಅವಮಾನವೇ. ಒತ್ತಡದ ಮೂಲ ಹೊರಗಿದ್ದರೆ ಅದನ್ನು ಇವರ ಮನಸ್ಸಿನ ದೌರ್ಬಲ್ಯ ಅಂತ ತಿರುಗಿಸಿಬಿಡುವ ಅಪಾಯ ಈ ಇಡೀ ಉದ್ಯಮಕ್ಕಿದೆ. ಸಂಸ್ಥೆಗಳು ‘ವೆಲ್‌ನೆಸ್ ಆ್ಯಪ್’ ಹಂಚಿ ಕೈ ತೊಳೆದುಕೊಳ್ಳುವುದನ್ನು ನೋಡಿದ್ದೇನೆ. ಈ ವಿಷಯದಲ್ಲಿ ನನಗೆ ಪ್ರಾಮಾಣಿಕ ಅನಿಸುವುದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಒತ್ತಡದ ಸಚಿತ್ರ ಕೈಪಿಡಿ. ಯುದ್ಧ, ವಲಸೆ ಕಂಡವರಿಗೂ ಉಪಯೋಗಕ್ಕೆ ಬರಲಿ ಅಂತ ಬರೆದದ್ದು. ಅದು ಹೇಳುತ್ತದೆ: ಕಷ್ಟದ ಸನ್ನಿವೇಶದಲ್ಲಿ ಮೂರು ದಾರಿ. ಬಿಟ್ಟು ಹೋಗುವುದು, ಬದಲಿಸಲು ಸಾಧ್ಯವಾದದ್ದನ್ನು ಬದಲಿಸಿ, ಆಗದ್ದರ ನೋವಿಗೆ ಜಾಗ ಕೊಟ್ಟು, ನಮಗೆ ಮುಖ್ಯ ಅನಿಸಿದ ಮೌಲ್ಯಗಳಂತೆ ಬದುಕುವುದು, ಇಲ್ಲವೇ ಕೈಚೆಲ್ಲಿ ಆ ಮೌಲ್ಯಗಳಿಂದಲೂ ದೂರ ಸರಿಯುವುದು. ‘ಬದಲಿಸಲು ಸಾಧ್ಯವಾದದ್ದು’ ಅನ್ನುವುದರಲ್ಲಿ ಸಂಘ ಕಟ್ಟುವುದು, ಮನವಿ ಕೊಡುವುದು, ಧರಣಿ ಕೂರುವುದು ಎಲ್ಲ ಸೇರುತ್ತದೆ ಅಂತ ನಾನು ಓದಿಕೊಂಡಿದ್ದೇನೆ.

ಅದೇ ವಿಷಯವನ್ನು ಧ್ವನಿಮುದ್ರಣವಾಗಿ ಮಾಡಿ ಉಗಾಂಡದ ರೈನೊ ಕ್ಯಾಂಪ್ ಎಂಬಲ್ಲಿ ದಕ್ಷಿಣ ಸುಡಾನಿನ ನಿರಾಶ್ರಿತ ಹೆಂಗಸರಿಗೆ ಕೇಳಿಸಿದರು. ಸುಮಾರು 700 ಹೆಂಗಸರ ಮೇಲೆ ನಡೆದ ಪ್ರಯೋಗ. ಅರ್ಧದಷ್ಟು ಹಳ್ಳಿಗಳಲ್ಲಿ ಈ ಪಾಠ, ಉಳಿದ ಕಡೆ ಮಾಮೂಲಿ ನೆರವು. ವಾರಕ್ಕೊಮ್ಮೆ, ಐದು ವಾರ, ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಕೂತು ಧ್ವನಿಮುದ್ರಿಕೆ ಕೇಳುವುದು. ನಡೆಸಿಕೊಡಲು ಕೆಲವೇ ದಿನ ತರಬೇತಿ ಪಡೆದ ಊರಿನದೇ ಹೆಂಗಸರು. ಮೂರು ತಿಂಗಳಾದ ಮೇಲೂ ಪಾಠ ಕೇಳಿದವರ ಸಂಕಟ ಉಳಿದವರಿಗಿಂತ ತಗ್ಗಿತ್ತು. ಲೆಬನಾನ್‌ನಲ್ಲಿ ಫೋನಿನ ಮೂಲಕವೇ ಕೊಟ್ಟ ‘ಸ್ಟೆಪ್ ಬೈ ಸ್ಟೆಪ್’ ಕಾರ್ಯಕ್ರಮದಲ್ಲೂ ವಾರಕ್ಕೆ ಹದಿನೈದು ನಿಮಿಷ ಮಾತಾಡುವ ಸಹಾಯಕರಿದ್ದರು. ಎಲ್ಲಿ ಫಲ ಕೊಟ್ಟಿದೆಯೋ ಅಲ್ಲೆಲ್ಲ ಒಬ್ಬರು ಕೇಳುವವರು ಸಿಗುತ್ತಾರೆ.

ನಮ್ಮ ಕಡೆಗೆ ಬರೋಣ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ಮೊದಲ ಪ್ರಾಯೋಗಿಕ ಕೆಲಸ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಆಮೇಲೆ 12 ರಾಜ್ಯಗಳಲ್ಲಿ ನಡೆದ ಸಮೀಕ್ಷೆ ಕಂಡುಕೊಂಡದ್ದು: ಮಾನಸಿಕ ತೊಂದರೆ ಇದ್ದವರಲ್ಲಿ, ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ, ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಅಷ್ಟು ಜನರಿಗೆ ಬೇಕಾಗುವಷ್ಟು ಮನೋವೈದ್ಯರು ನಾಳೆ ನಾಡಿದ್ದರಲ್ಲಿ ತಯಾರಾಗುವುದಿಲ್ಲ. ಅದಕ್ಕೇ ಸ್ವಸಹಾಯವನ್ನು ತಳ್ಳಿಹಾಕುವ ಐಷಾರಾಮ ನಮಗಿಲ್ಲ. ನಿಮ್ಹಾನ್ಸ್‌ನ ಸೀಮಾ ಮೆಹ್ರೋತ್ರಾ ಮತ್ತು ಸಂಗಡಿಗರು ಖಿನ್ನತೆಗೆ ‘ಪುಶ್-ಡಿ’ ಎಂಬ ಆನ್‌ಲೈನ್ ಸ್ವಸಹಾಯ ಕಾರ್ಯಕ್ರಮ ರೂಪಿಸಿ 2018ರಲ್ಲಿ ಅದರ ಬಗ್ಗೆ ಬರೆದರು. ಎಲ್ಲರೂ ಮಾಡಬೇಕಾದ ಐದು ಭಾಗ, ಬೇಕಾದವರು ಆರಿಸಿಕೊಳ್ಳುವ ಐದು ಭಾಗ, ಭಾರತದ ಬದುಕಿಗೆ ಹೊಂದುವ ಪಾತ್ರಗಳು. ಮೊದಲು ಬಂದದ್ದು ಇಂಗ್ಲಿಷಿನಲ್ಲಿ. ಇಂಥದ್ದು ಕನ್ನಡದಲ್ಲಿ, ನಮ್ಮ ಮಾತಿನ ಲಯದಲ್ಲಿ, ಹೇರಳವಾಗಿ ಬರಬೇಕು. ನನ್ನ ಹತ್ತಿರ ಬರುವ ಹುಡುಗಿಯರು ಇಂಗ್ಲಿಷಿನ ಪಾಠ ಓದಿ ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಅವರು ಅಳುವುದು, ಬೈದುಕೊಳ್ಳುವುದು ಕನ್ನಡದಲ್ಲಿ.

ಈಗ ನಿಮ್ಮ ಕೆಲಸ. ಕಾಲೇಜು ಒಂದು ಆ್ಯಪ್ ಆರಿಸಿ ಸುತ್ತೋಲೆ ಹೊರಡಿಸಿದರೆ ಏನಾಗುತ್ತದೆ ಅಂತ ಆಗಲೇ ಹೇಳಿದೆ: ನೂರಕ್ಕೆ ನಾಲ್ಕು. ಅದರ ಬದಲು ಯಾವುದಾದರೂ ಒಂದು ಸರಳ ಕಾರ್ಯಕ್ರಮ ಹಿಡಿದು, ಮೆಂಟರ್ ಅಧ್ಯಾಪಕರೊಬ್ಬರು, ತಾವಾಗಿ ಬರಲು ಬಯಸಿದ ಏಳೆಂಟು ವಿದ್ಯಾರ್ಥಿಗಳಿಗೆ, ವಾರಕ್ಕೊಮ್ಮೆ ಹತ್ತು ನಿಮಿಷ ಕೊಡಲಿ. ಕೇಳಬೇಕಾದ್ದು ‘ಏನು ಬರೆದೆ?’ ಅಂತಲ್ಲ; ಅದು ಅವರ ಖಾಸಗಿ ವಿಷಯ. ‘ಈ ವಾರ ಮಾಡಿದೆಯಾ? ಎಲ್ಲಿ ಸಿಕ್ಕಿಹಾಕಿಕೊಂಡೆ?’ ಅಷ್ಟೇ. ಉಪದೇಶ ಬೇಡ. ನಮಗೆ ಉಪದೇಶ ಮಾಡದೆ ಹತ್ತು ನಿಮಿಷ ಕೂರುವುದು ಕಷ್ಟ ಅಂತ ಗೊತ್ತು, ಆದರೂ. ಹಾಜರಿಗೆ, ಇಂಟರ್ನಲ್ ಅಂಕಕ್ಕೆ ಇದನ್ನು ಜೋಡಿಸಿದರೆ ಅಲ್ಲಿಗೆ ಕೆಟ್ಟಿತು.

ಖಾಸಗಿ ಅಂದೆ, ಅದಕ್ಕೊಂದು ಮಾತು. ಅಮೆರಿಕದ ‘ಬೆಟರ್‌ಹೆಲ್ಪ್’ ಎಂಬ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದ ಕಂಪನಿಗಳಿಗೆ ಹಂಚಿಕೊಂಡಿತ್ತು ಎಂಬ ಆರೋಪದ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತು. ನಮ್ಮಲ್ಲೂ ಅದೇ ವರ್ಷ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ. ಕಾಯ್ದೆ ಕೆಲಸ ಮಾಡುವವರೆಗೆ ನೀವೇ ನೋಡಿಕೊಳ್ಳಿ: ಉಸಿರಾಟ ಕಲಿಸುವ ಆ್ಯಪ್ ನಿಮ್ಮ ಫೋನಿನ ಸಂಪರ್ಕಗಳ ಪಟ್ಟಿ ಕೇಳಿದರೆ ಕೊಡಬೇಡಿ. ಹಾಗೆಯೇ ಸ್ವಂತ ಹೆಸರಿನ ಬದಲು ಬೇರೆ ಹೆಸರಿನಿಂದ ಒಳಗೆ ಹೋಗಲು ಬಿಡುವ ಕಾರ್ಯಕ್ರಮ ಸಿಕ್ಕರೆ ಅದನ್ನೇ ಆರಿಸಿ.

ಇಲ್ಲಿಗೆ ನಿಲ್ಲಿಸುತ್ತೇನೆ, ಪ್ರಶ್ನೆಗಳಿದ್ದರೆ ಕೇಳಿ.

‘ಮೇಡಂ, ನಮ್ಮ ಹುಡುಗರು ಈಗ ಚಾಟ್‌ಜಿಪಿಟಿ ಜೊತೆಗೇ ಎಲ್ಲ ಹೇಳಿಕೊಳ್ತಾರಂತೆ. ನೀವು ಹೇಳಿದ ಆ ಕೇಳುವವರ ಕೆಲಸ ಅದೇ ಮಾಡಲ್ವಾ?’

ಹೇಳಿಕೊಳ್ಳುವ ಚಪಲ ಹೊಸದಲ್ಲ. ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ‘ಎಲೈಜಾ’ ಎಂಬ ಪುಟ್ಟ ಪ್ರೋಗ್ರಾಮ್ ಬರೆದರು, ನಾವು ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು, ಅಷ್ಟೇ. ಅದರ ಮುಂದೂ ಜನ ಮನಸ್ಸು ಬಿಚ್ಚಿದರು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ‘ವೈಸಾ’ ಎಂಬ ಮಾನಸಿಕ ಆರೋಗ್ಯದ ಆ್ಯಪ್‌ನಲ್ಲಿ ಒಂದು ಪೆಂಗ್ವಿನ್ ಮಾತಾಡುತ್ತದೆ, ಅಮೆರಿಕದಲ್ಲಿ ಹೆಸರು ಮಾಡಿದ್ದ ಅಂಥದ್ದೇ ‘ವೋಬಾಟ್’ 2025ರ ಜೂನ್ ಕೊನೆಗೆ ಬಾಗಿಲು ಹಾಕಿತು. ಇವು ಈ ಕೆಲಸಕ್ಕೆಂದೇ ಕಟ್ಟಿದವು. ಚಾಟ್‌ಜಿಪಿಟಿ ಎಲ್ಲ ಕೆಲಸಕ್ಕೂ ಇರುವಂಥದ್ದು, ನೀವು ಹೇಳಿದ್ದಕ್ಕೆ ತಲೆದೂಗುವುದು ಅದರ ಗುಣ. ಬರೆದು ಹಗುರಾಗಲು ಬಳಸಲಿ, ನನ್ನ ಅಡ್ಡಿಯಿಲ್ಲ. ಆದರೆ ನೀವು ಮೂರು ದಿನ ಕಾಲೇಜಿಗೆ ಬರದಿದ್ದರೆ ಅದು ನಿಮ್ಮ ರೂಮಿನ ಬಾಗಿಲು ಬಡಿಯುವುದಿಲ್ಲ.

‘ಯೋಗ, ಪ್ರಾಣಾಯಾಮ ದಿನಾ ಮಾಡ್ತೀನಿ. ಇದೆಲ್ಲ ಬೇಕಾ?’

ಮಾಡುತ್ತಿದ್ದರೆ, ಅದರಿಂದ ನಿದ್ದೆ, ಹಸಿವು, ಕೆಲಸ ಸರಿಯಾಗಿದ್ದರೆ, ಬೇಡ.

‘ನಮ್ಮಮ್ಮ ಹಳ್ಳೀಲಿದ್ದಾರೆ. ಅಪ್ಪ ಹೋದಮೇಲೆ ಸರಿಯಾಗಿ ಊಟ ಮಾಡ್ತಿಲ್ಲ, ನಿದ್ದೆ ಇಲ್ಲ. ಓದು ಬರಲ್ಲ, ಇರೋದು ಬಟನ್ ಫೋನು. ಅವರಿಗೆ ಏನು ಹೇಳ್ತೀರಿ?’

ಆ್ಯಪ್ ಬೇಡ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ, 2022ರ ಅಕ್ಟೋಬರ್ 10ರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ಬಟನ್ ಫೋನಿನಿಂದಲೂ ಹೋಗುತ್ತದೆ. ಮೊದಲ ಸಲ ನೀವೇ ಪಕ್ಕದಲ್ಲಿ ಕೂತು ಮಾಡಿಸಿ. ಅಪರಿಚಿತರ ಜೊತೆ ಮಾತಾಡು ಅಂದರೆ ಅವರು ಮಾಡಲಿಕ್ಕಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ‘ಮನೋಚೈತನ್ಯ’ ಯೋಜನೆಯಡಿ ಮನೋವೈದ್ಯರು ಮಂಗಳವಾರ ಬರುತ್ತಾರೆ, ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ, ‘ಊಟ ಆಯ್ತಾ ಅಮ್ಮ’ ಅಂತ ಕೇಳಿ ಇಟ್ಟುಬಿಡಬೇಡಿ, ಏನು ಅಡುಗೆ ಮಾಡಿದ್ರಿ ಅಂತಲೂ ಕೇಳಿ. ಮಾಡಿಲ್ಲ ಅನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ.